ಸಗಣಿಯ ಗುಡ್ಡ ಕಟ್ಟಿದವರು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಅಂತ ಒಂದು ಊರಿದೆ. ಈಗ ಆ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ಉಷ್ಣವಿದ್ಯುತ್ ಸ್ಥಾವರ. ಕಲ್ಲಿದ್ದಲು ಉರಿಸಿ ಕರೆಂಟು ತೆಗೆಯುವ ಕಡೆ ಬೂದಿ ರಾಶಿ ಬೀಳುವುದು ಸಹಜವೇ. ಆದರೆ ಕುಡತಿನಿಗೆ ಬೂದಿ ಹೊಸದಲ್ಲ. ಸ್ಥಾವರ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲೊಂದು ಬೂದಿಯ ಗುಡ್ಡ ಇತ್ತು.

ಇಂಥ ಗುಡ್ಡ ಅದೊಂದೇ ಅಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿ, ಪಕ್ಕದ ಆಂಧ್ರ ಮತ್ತು ತೆಲಂಗಾಣದ ಕೆಲವು ಭಾಗಗಳಲ್ಲಿ ಇವು ನೂರಕ್ಕೂ ಹೆಚ್ಚಿವೆ. ಕೆಲವು ಗುರುತೇ ಸಿಗದಷ್ಟು ತಗ್ಗು. ದೊಡ್ಡವು ಎರಡಂತಸ್ತಿನ ಮನೆಯಷ್ಟು ಎತ್ತರ. ಮೇಲೆ ಹುಲ್ಲು, ಜಾಲಿ ಬೆಳೆದಿರುತ್ತದೆ. ಸ್ವಲ್ಪ ಕೆರೆದರೆ ಬಿಳಿಚಿದ ಬೂದಿ ಕಾಣುತ್ತದೆ, ನಡುನಡುವೆ ಕರಗಿ ಗಟ್ಟಿಯಾದಂಥ, ತೂತುತೂತಾದ ಕಪ್ಪು ಗಟ್ಟಿಗಳು.

ಒಂದಿಡೀ ಗುಡ್ಡದಷ್ಟು ಬೂದಿ ಬಿದ್ದಿದ್ದರೆ ಅದಕ್ಕೊಂದು ಕಥೆ ಹುಟ್ಟಲೇಬೇಕು. ಕುಡತಿನಿಯದು ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದು ಜನ ಹೇಳುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದಲ್ಲಿರುವುದು ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಟ್ಟ ಜಾಗವಂತೆ. ಆ ಸೀಮೆಯೇ ಕಿಷ್ಕಿಂಧೆ ಎನ್ನುವವರಿಗೆ ಇದು ಸಲೀಸಾಗಿ ಹೊಂದುವ ಕಥೆ. ರಾಕ್ಷಸ ದೊಡ್ಡವನು, ಹಾಗಾಗಿ ಬೂದಿಯೂ ದೊಡ್ಡದು. ಲೆಕ್ಕವೇನೋ ಸರಿಯಾಗಿದೆ!

ಓದಿದವರ ಊಹೆಗಳು ಇದಕ್ಕಿಂತ ತೀರಾ ಉತ್ತಮವಾಗೇನೂ ಇರಲಿಲ್ಲ ಎಂದರೆ ನಗಬೇಡಿ. ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಬ್ರಿಟಿಷ್ ಅಧಿಕಾರಿ ಸುಮಾರು 1840ರ ಹೊತ್ತಿಗೇ ಈ ಗುಡ್ಡಗಳ ಬಗ್ಗೆ ಬರೆದಿದ್ದ. ಆಮೇಲೆ ಒಬ್ಬೊಬ್ಬರದು ಒಂದೊಂದು ವಾದ. ಇದು ಜ್ವಾಲಾಮುಖಿಯ ಕೆಲಸವೇ? ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟವೇ? ಇಟ್ಟಿಗೆ ಸುಟ್ಟ ಗೂಡೇ? ವಿಜಯನಗರದ ಕಾಲದಲ್ಲಿ ನಡೆದ ದೊಡ್ಡ ದಹನಗಳ ಉಳಿಕೆ ಎಂದು ವಾದಿಸಿದವರೂ ಇದ್ದರು.

ಸರಿಯಾದ ಜಾಗಕ್ಕೆ ಮೊದಲು ಕೈಯಿಟ್ಟವನು ರಾಬರ್ಟ್ ಬ್ರೂಸ್ ಫೂಟ್. ಅವನು ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ನೌಕರ. ಯಾವ ಬೆಟ್ಟದಲ್ಲಿ ಯಾವ ಕಲ್ಲಿದೆ ಎಂದು ನಕ್ಷೆ ಬರೆಯುವುದು ಅವನ ಕೆಲಸ, ಅದಕ್ಕೆ ಸಂಬಳ. ಹಳೆಯ ಕಾಲದ ಮನುಷ್ಯರು ಬಿಟ್ಟುಹೋದ ಕಲ್ಲಿನ ಆಯುಧ ಹುಡುಕುವುದು ಅವನ ಹುಚ್ಚು, ಅದಕ್ಕೆ ಸಂಬಳವಿಲ್ಲ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಅವನಿಗೆ ಸಿಕ್ಕ ಒಂದು ಕೈಗೊಡಲಿಯಿಂದಲೇ ಭಾರತದ ಹಳೆಯ ಶಿಲಾಯುಗದ ಅಧ್ಯಯನ ಶುರುವಾಯಿತು. ಬಳ್ಳಾರಿ ಸೀಮೆಯ ಕಲ್ಲುಗಳನ್ನು ನೋಡಲು ಬಂದಾಗ ಅವನು ಬೂದಿ ಗುಡ್ಡಗಳನ್ನೂ ಕೆದಕಿದ. ಅಲ್ಲಿ ಸಿಕ್ಕಿದ್ದು ನುಣುಪಾಗಿ ತಿಕ್ಕಿದ ಕಲ್ಲಿನ ಕೊಡಲಿಗಳು, ಕೈಯಲ್ಲಿ ಮಾಡಿದ ಮಡಕೆಯ ಚೂರುಗಳು, ದನದ ಮೂಳೆಗಳು. ಕಬ್ಬಿಣದ ಒಂದು ಮೊಳೆಯೂ ಇಲ್ಲ. ಕಬ್ಬಿಣವೇ ಇಲ್ಲದ ಕಡೆ ಕಬ್ಬಿಣದ ಕುಲುಮೆ ಹೇಗಿದ್ದೀತು? ಇದು ಕಬ್ಬಿಣಕ್ಕಿಂತ ಹಳೆಯ ಕಾಲದ್ದು, ದನದ ದೊಡ್ಡಿಯಲ್ಲಿ ಬಿದ್ದ ಸಗಣಿ ಸುಟ್ಟು ಆದದ್ದು ಎಂದು ಫೂಟ್ ಹೇಳಿದ.

ಎಲ್ಲರೂ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು. ಬೆರಣಿ ಸುಟ್ಟಿರುವುದನ್ನು ನೀವು ನೋಡಿರಬಹುದು. ಉತ್ತರ ಕರ್ನಾಟಕದ ಮಕ್ಕಳಾದರೆ ಅದನ್ನು ಕುಳ್ಳು ಎನ್ನುತ್ತೀರಿ. ಅದು ಸುಟ್ಟರೆ ಉಳಿಯುವುದು ಮೆತ್ತನೆಯ ಬೂದಿ, ಊದಿದರೆ ಹಾರುವಂಥದು. ಆದರೆ ಈ ಗುಡ್ಡಗಳಲ್ಲಿ ಗಾಜಿನ ಹಾಗೆ ಕರಗಿದ ಗಟ್ಟಿಗಳಿವೆಯಲ್ಲ, ಅವು ಎಲ್ಲಿಂದ ಬಂದವು?

ಉತ್ತರ ಇರುವುದು ಹುಲ್ಲಿನಲ್ಲಿ. ಹುಲ್ಲಿನ ಎಸಳನ್ನು ಬೆರಳ ಮೇಲೆ ಎಳೆದುಕೊಂಡರೆ ಸರ್ರನೆ ಕೊಯ್ಯುತ್ತದೆ. ಹುಲ್ಲು ನೆಲದಿಂದ ನೀರಿನ ಜೊತೆ ಸಿಲಿಕವನ್ನೂ ಹೀರಿ ತನ್ನ ಮೈಯಲ್ಲಿ ಸಣ್ಣಸಣ್ಣ ಕಣಗಳಾಗಿ ಕೂಡಿಟ್ಟುಕೊಳ್ಳುವುದು ಇದಕ್ಕೆ ಕಾರಣ. ಮರಳಿನಲ್ಲಿರುವುದೂ ಗಾಜಿನಲ್ಲಿರುವುದೂ ಇದೇ ಸಿಲಿಕ. ದನ ಹುಲ್ಲು ತಿನ್ನುತ್ತದೆ, ಸಿಲಿಕ ಜೀರ್ಣವಾಗುವುದಿಲ್ಲ, ಹಾಗೇ ಸಗಣಿಯಲ್ಲಿ ಹೊರಗೆ ಬರುತ್ತದೆ. ಬರಿಯ ಸಿಲಿಕ ಕರಗಬೇಕಾದರೆ ಭಯಂಕರ ಶಾಖ ಬೇಕು. ಆದರೆ ಸಗಣಿಯ ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಲವಣಗಳೂ ಇರುತ್ತವೆ. ಅವು ಜೊತೆಗಿದ್ದರೆ ಸಿಲಿಕ ಅಷ್ಟು ಶಾಖವಿಲ್ಲದೆಯೂ ಕರಗುತ್ತದೆ. ಒಲೆಯಲ್ಲಿ ನಾಲ್ಕು ಬೆರಣಿ ಉರಿಸಿದರೆ ಅಷ್ಟು ಬಿಸಿ ಏರುವುದಿಲ್ಲ. ಆಳೆತ್ತರ ಬಿದ್ದ ಒಣಗಿದ ಸಗಣಿಗೆ ಬೆಂಕಿ ಬಿದ್ದು, ಒಳಗೊಳಗೇ ದಿನಗಟ್ಟಲೆ ಉರಿದರೆ ಏರುತ್ತದೆ.

ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಖಚಿತಪಡಿಸಿದವರು ಲಂಡನ್ನಿನ ಫ್ರೆಡರಿಕ್ ಝಾಯ್ನರ್ ಎಂಬ ವಿಜ್ಞಾನಿ. ಆ ಹೊತ್ತಿಗೆ ಫೂಟ್ ತೀರಿಕೊಂಡು ಸುಮಾರು ಐವತ್ತು ವರ್ಷವಾಗಿತ್ತು. ಸರಿಯಾದ ಮಾತು ಹೇಳಿಯೂ ಅದು ಸರಿಯೆಂದು ಗೊತ್ತಾಗುವ ಮೊದಲೇ ಹೋಗಿಬಿಡುವವರು ವಿಜ್ಞಾನದಲ್ಲಿ ಬಹಳ ಮಂದಿ.

ಬೂದಿ ಸಗಣಿಯದೇ ಇರಲಿ, ಅಲ್ಲಿ ದನ ಇದ್ದವು ಅನ್ನುವುದಕ್ಕೆ ಸಾಕ್ಷಿ ಬೇಡವೇ? ಬೇರೆ ಕಡೆಯಿಂದ ಸಗಣಿ ಹೊತ್ತು ತಂದು ಸುಟ್ಟಿರಬಹುದಲ್ಲ? ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞರು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ಒಂದು ಗುಡ್ಡವನ್ನು ಅಗೆದರು. ಅಗೆಯುವುದೆಂದರೆ ಹಾರೆ ಗುದ್ದಲಿ ಹಿಡಿದು ಗುಂಡಿ ತೋಡುವುದಲ್ಲ. ಕರಣೆ, ಚಾಕು, ಕುಂಚ ಹಿಡಿದು ಒಂದು ಪದರ ತೆಗೆದು, ಬರೆದುಕೊಂಡು, ಚಿತ್ರ ತೆಗೆದು, ಆಮೇಲೆ ಮುಂದಿನ ಪದರಕ್ಕೆ ಹೋಗುವುದು. ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಎನ್ನುವುದು ಈ ವಿದ್ಯೆಯ ಮೊದಲ ಪಾಠ.

ಅಲ್ಲಿ ಕಂಡಿದ್ದು ಸಾಲುಸಾಲು ಕುಳಿಗಳು. ಮರದ ಗೂಟ ನೆಟ್ಟು ಬೇಲಿ ಹಾಕಿದ್ದ ಗುರುತು ಅದು. ಗೂಟ ಸುಟ್ಟುಹೋಗಿ, ಕೊಳೆತುಹೋಗಿ ಸಾವಿರಾರು ವರ್ಷವಾದರೂ ಅದಿದ್ದ ಕುಳಿಯ ಮಣ್ಣಿನ ಬಣ್ಣ ಸುತ್ತಲಿನ ಮಣ್ಣಿಗಿಂತ ಬೇರೆಯಾಗಿ ಉಳಿಯುತ್ತದೆ. ಬೇಲಿ ಒಂದು ಸಲ ಹಾಕಿದ್ದಲ್ಲ, ಸುಟ್ಟು ಮತ್ತೆ ಹಾಕಿದ್ದು, ಮತ್ತೆ ಸುಟ್ಟು ಮತ್ತೆ ಹಾಕಿದ್ದು. ಬೇಲಿಯ ಒಳಗಿನ ನೆಲದಲ್ಲಿ ದನದ ಗೊರಸಿನ ಗುರುತುಗಳೂ ಸಿಕ್ಕವು. ಯಾವುದೋ ಮಳೆಗಾಲದಲ್ಲಿ ಕೆಸರು ತುಳಿದ ಕಾಲುಗಳು. ಆಮೇಲೆ ಕೆಸರು ಒಣಗಿದೆ, ಮೇಲೆ ಬೂದಿ ಬಿದ್ದು ಮುಚ್ಚಿದೆ. ಎಷ್ಟೋ ರಾಜರ ಅರಮನೆಯ ಗೋಡೆ ಉಳಿದಿಲ್ಲ. ಒಂದು ಹಸು ಕಾಲೂರಿದ ಗುರುತು ಉಳಿದಿದೆ. ಪುರಾತತ್ತ್ವದಲ್ಲಿ ನನಗೆ ಅತಿ ಇಷ್ಟವಾದ ಸಾಕ್ಷಿ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎಷ್ಟು ಹಳೆಯದು ಎಂದು ಹೇಗೆ ಗೊತ್ತಾಯಿತು? ಇದಕ್ಕೂ ಒಂದು ಹಿಂದಿನ ಕಥೆಯಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಿದ್ದರು. ಅವರು ಆಗ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರು. ಅಲ್ಲಿ ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಇದೇ ಬಗೆಯ ನುಣುಪು ಕೊಡಲಿಗಳು, ಅದರ ಮೇಲೆ ಕಬ್ಬಿಣ ಬಳಸಿದವರ ಪದರ, ಅದರ ಮೇಲೆ ಶಾತವಾಹನರ ಕಾಲದ್ದು. ಮೇಲಿನ ಪದರಕ್ಕೆ ನಾಣ್ಯ, ಮಡಕೆಗಳ ಆಧಾರದಿಂದ ಕಾಲ ಹೇಳಬಹುದು. ಕೆಳಗಿನದಕ್ಕೆ? ಅಂದಾಜು ಮಾಡಬೇಕು. ಕಲ್ಲುಕೊಡಲಿಯವರು ಬಂದದ್ದು ಕ್ರಿಸ್ತಪೂರ್ವ 1000ದ ಸುಮಾರಿಗೆ ಎಂದು ವೀಲರ್ ಅಂದಾಜು ಮಾಡಿದರು.

ಆಮೇಲೆ ಇಂಗಾಲದ ಗಡಿಯಾರ ಬಂತು. ಗಾಳಿಯಲ್ಲಿರುವ ಇಂಗಾಲದಲ್ಲಿ ಬಹಳ ಬಹಳ ಸ್ವಲ್ಪ ಭಾಗ ಕಾರ್ಬನ್-14 ಎಂಬ ಬಗೆಯದು. ಅದು ತನ್ನಷ್ಟಕ್ಕೆ ಕರಗುತ್ತಾ ಹೋಗುವಂಥದು. ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಅದನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಿಡ ತಿಂದ ದನದ ಮೈಯಲ್ಲೂ, ಇವೆರಡನ್ನೂ ತಿಂದ ನಮ್ಮ ಮೈಯಲ್ಲೂ ಅದು ಇರುತ್ತದೆ. ಸೋರುವ ತೊಟ್ಟಿಗೆ ಮೇಲಿನಿಂದ ನಲ್ಲಿ ಬಿಟ್ಟ ಹಾಗೆ, ಎಷ್ಟು ಹೋಗುತ್ತದೋ ಅಷ್ಟು ಬರುತ್ತದೆ. ಸತ್ತ ದಿನ ನಲ್ಲಿ ನಿಂತಿತು. ಅಲ್ಲಿಂದಾಚೆಗೆ ಬರಿಯ ಸೋರಿಕೆ. 5730 ವರ್ಷವಾದರೆ ಮೊದಲಿದ್ದ ಕಾರ್ಬನ್-14ರಲ್ಲಿ ಅರ್ಧ ಮಾತ್ರ ಉಳಿಯುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ಹೇಳಬಹುದು. ಈ ವಿಧಾನ ಕಂಡುಹಿಡಿದ ಅಮೆರಿಕದ ವಿಲ್ಲರ್ಡ್ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಉಟ್ನೂರಿನ ಇದ್ದಿಲನ್ನು ಹೀಗೆ ಅಳೆದಾಗ ಬಂದ ಕಾಲ ಕ್ರಿಸ್ತಪೂರ್ವ 2000ಕ್ಕಿಂತಲೂ ಹಿಂದೆ. ವೀಲರ್ ಅಂದಾಜು ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತು! ಮುಂದೆ ಇನ್ನೂ ಅನೇಕ ಕಡೆಯ ಅಳತೆಗಳು ಬಂದವು. ಈಗ ಈ ದನಗಾಹಿಗಳು ಸುಮಾರು 5000 ವರ್ಷಗಳ ಹಿಂದೆ ಈ ಬಯಲಿನಲ್ಲಿ ಕಾಣಿಸಿಕೊಂಡರು ಎನ್ನುತ್ತೇವೆ.

ಇದರ ಅಕ್ಕಪಕ್ಕದಲ್ಲಿ ಏನೇನು ನಡೆಯುತ್ತಿತ್ತು ನೋಡಿ. ಇರಾಕಿನ ಬಯಲಿನಲ್ಲಿ ಸುಮೇರಿಯದವರು ಆಗಷ್ಟೇ ಜೇಡಿಮಣ್ಣಿನ ಹಲಗೆಯ ಮೇಲೆ ಲೆಕ್ಕ ಬರೆಯಲು ಕಲಿತಿದ್ದರು. ಬೂದಿ ಗುಡ್ಡಗಳು ಬೆಳೆಯುತ್ತಿದ್ದಾಗಲೇ ಈಜಿಪ್ಟಿನವರು ಗೀಜಾದಲ್ಲಿ ಪಿರಮಿಡ್ ಕಟ್ಟಿದರು, ಸಿಂಧೂ ಬಯಲಿನವರು ಮೊಹೆಂಜೊದಾರೊದಲ್ಲಿ ಇಟ್ಟಿಗೆಯ ಮನೆ, ಚರಂಡಿ, ಬಾವಿ ಕಟ್ಟಿದರು. ನಮ್ಮವರು ಸಗಣಿಯ ಗುಡ್ಡ ಕಟ್ಟಿದರು. ನಿಮಗೆ ನಗು ಬಂದಿರಬೇಕು, ಬರಲಿ. ಪಠ್ಯಪುಸ್ತಕದಲ್ಲಿ ನಾಗರಿಕತೆ ಎಂದರೆ ಊರು, ಕೋಟೆ, ಲಿಪಿ, ರಾಜ ಎಂದು ಓದಿ ಓದಿ ಹಾಗಾಗಿದೆ. ಆದರೆ ಅದಕ್ಕೆಲ್ಲ ಮೊದಲು ಆಗಬೇಕಾದ ಕೆಲಸವೊಂದಿದೆ. ಕಾಡಿನ ಪ್ರಾಣಿಯನ್ನು ಪಳಗಿಸಬೇಕು, ಕಾಡಿನ ಹುಲ್ಲಿನಿಂದ ಧಾನ್ಯ ಮಾಡಿಕೊಳ್ಳಬೇಕು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಮನುಷ್ಯ ಎಂದು ನಾವು ಕರೆಯುವ ಜಾತಿಗೆ ಸುಮಾರು 3 ಲಕ್ಷ ವರ್ಷ ವಯಸ್ಸು. ಅದರಲ್ಲಿ ಬಿತ್ತಿ ಬೆಳೆದು ಉಂಡದ್ದು ಕೊನೆಯ ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ ಮಾತ್ರ. ಉಳಿದ ಕಾಲವೆಲ್ಲ ಬೇಟೆ, ಗೆಡ್ಡೆ, ಗೆಣಸು, ಕಾಡುಹಣ್ಣು.

ಆ ಮೊದಲ ಕೆಲಸ ನಮ್ಮ ನೆಲದಲ್ಲಿ ಹೇಗೆ ಆಯಿತು ಎನ್ನುವುದನ್ನು ಈ ಬೂದಿಯೇ ಹೇಳುತ್ತದೆ.

ದನಗಳು ಯಾವ ಬಗೆಯವು? ಬೆನ್ನ ಮೇಲೆ ಡುಬ್ಬ ಇರುವ ನಾಡು ದನ. ಕಪ್ಪಗಲ್ಲು, ಪಿಕ್ಲಿಹಾಳ, ಮಸ್ಕಿಗಳ ಬಂಡೆಗಳ ಮೇಲೆ ಆ ಜನ ಕುಟ್ಟಿ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಎಲ್ಲೆಲ್ಲೂ ಇದೇ ದನ, ಡುಬ್ಬ ಎದ್ದು ಕಾಣುವ ಹಾಗೆ, ಕೊಂಬು ಉದ್ದುದ್ದ. ಡುಬ್ಬದ ದನವನ್ನು ಮೊದಲು ಪಳಗಿಸಿದ್ದು ಸಿಂಧೂ ಬಯಲಿನ ಕಡೆ, ಸುಮಾರು 8000 ವರ್ಷಗಳ ಹಿಂದೆ ಎಂದು ದನಗಳ ವಂಶವಾಹಿ ಪರೀಕ್ಷೆಗಳು ಹೇಳುತ್ತವೆ. ದನಗಳನ್ನು ಹಾಲಿಗೆ ಮಾತ್ರ ಸಾಕಿದ್ದರೇ? ಇಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹಲವು ವರ್ಷ ಅಗೆದರು. ಅಲ್ಲಿ ಅವರಿಗೆ ದನ ಕಡಿದು ಮಾಂಸ ಬಿಡಿಸುತ್ತಿದ್ದ ನೆಲವೇ ಸಿಕ್ಕಿತು. ಕತ್ತರಿಸಲು ಬಳಸುವ ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದ ಜಾಗವೂ ಸಿಕ್ಕಿತು. ಜನ ವಾಸವಾಗಿದ್ದ ಗುರುತುಗಳೂ ಗುಡ್ಡದ ಪಕ್ಕದಲ್ಲೇ ಇದ್ದವು. ಹಾಗಾಗಿ ಇವು ಊರಿಂದ ದೂರದ ಬರಿಯ ದೊಡ್ಡಿಗಳಲ್ಲ, ದನಗಾಹಿಗಳ ಹಟ್ಟಿಗಳೇ ಎಂದು ಪದ್ದಯ್ಯನವರು ವಾದಿಸಿದರು.

ಈಗ ನಿಮ್ಮಲ್ಲಿ ಯಾರಾದರೂ ಹೊಲ ಇರುವ ಮನೆಯವರಿದ್ದರೆ ಒಂದು ಪ್ರಶ್ನೆ ಎದ್ದಿರಬೇಕು. ಸಗಣಿ ಯಾರಾದರೂ ಸುಮ್ಮನೆ ಸುಡುತ್ತಾರೆಯೇ? ತಿಪ್ಪೆಗೆ ಹಾಕಿದರೆ ಗೊಬ್ಬರ, ತಟ್ಟಿದರೆ ಉರುವಲು, ಸಾರಿಸಿದರೆ ನೆಲ ಚೊಕ್ಕಟ. ಇಂಥ ವಸ್ತುವನ್ನು ತಲೆಮಾರುಗಟ್ಟಲೆ ಒಂದೇ ಕಡೆ ರಾಶಿ ಹಾಕಿ ಬೆಂಕಿ ಇಡುವುದೆಂದರೇನು? ಒಳ್ಳೆಯ ಪ್ರಶ್ನೆ. ಇದರ ಬಗ್ಗೆ ವಿದ್ವಾಂಸರು ಇಂದಿಗೂ ಜಗಳ ಆಡುತ್ತಿದ್ದಾರೆ.

ನೊಣ, ಉಣ್ಣೆ, ರೋಗ ಹೋಗಲಿ ಎಂದು ಸುಟ್ಟಿರಬಹುದು ಎಂದು ಕೆಲವರು ಹೇಳುತ್ತಾರೆ. ಆಲ್ಚಿನ್ ಇದನ್ನು ಹಬ್ಬಕ್ಕೆ ಜೋಡಿಸಿದರು. ಮಂಡ್ಯ, ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತಾರಲ್ಲ, ಅಂಥ ಆಚರಣೆಗಳ ಬೇರು ಇಷ್ಟು ಹಿಂದಕ್ಕೆ ಹೋಗುತ್ತದೆಯೇ ಎಂದು ಅವರು ಯೋಚಿಸಿದರು. ಊಹೆ ಚೆನ್ನಾಗಿದೆ, ಆದರೆ ನಾಲ್ಕು ಸಾವಿರ ವರ್ಷದ ನಡುವಿನ ಕೊಂಡಿಗಳನ್ನು ಯಾರೂ ತೋರಿಸಿಲ್ಲವಾದ್ದರಿಂದ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೂರನೆಯ ವಿಚಾರ ಈಚಿನದು. ಇವರು ಬೂದಿಯನ್ನು ಎಸೆಯುತ್ತಿರಲಿಲ್ಲ, ಬೇಕೆಂದೇ ಎತ್ತರಿಸುತ್ತಿದ್ದರು, ದೂರದಿಂದ ಕಂಡರೆ ಇದು ಇಂಥವರ ನೆಲೆ ಎಂದು ಗೊತ್ತಾಗಬೇಕಿತ್ತು ಎನ್ನುವುದು. ಬೆಂಕಿ ಹೊತ್ತಿದ ರಾತ್ರಿ ಆ ಬಯಲಿನಲ್ಲಿ ಎಷ್ಟು ದೂರಕ್ಕೆ ಕಂಡಿರಬೇಕು, ಯೋಚಿಸಿ ನೋಡಿ. ಹತ್ತಾರು ಹಟ್ಟಿಗಳ ಜನ ಅಲ್ಲಿ ಸೇರುತ್ತಿದ್ದರೆ ದನದ ವ್ಯಾಪಾರ, ಮದುವೆ ಮಾತು, ಊಟ ಎಲ್ಲ ನಡೆದಿರಬಹುದು. ಮೂರು ಕಾರಣಗಳೂ ಒಟ್ಟಿಗೇ ಇದ್ದಿರಬಾರದೇಕೆ ಎನ್ನುವುದು ನನ್ನ ಪ್ರಶ್ನೆ. ನಾವು ಕೂಡ ದೀಪಾವಳಿಗೆ ಮನೆ ಗುಡಿಸುವುದು ಕಸಕ್ಕಾಗಿಯೋ ಹಬ್ಬಕ್ಕಾಗಿಯೋ ನೆಂಟರು ಬರುತ್ತಾರೆಂದೋ?

ಊಟ ಅಂದೆನಲ್ಲ, ಅವರು ಏನು ಉಣ್ಣುತ್ತಿದ್ದರು? ಅಡುಗೆ ಮಾಡುವಾಗ ನಾಲ್ಕು ಕಾಳು ಒಲೆಗೆ ಬೀಳುವುದು ಎಲ್ಲ ಮನೆಯಲ್ಲೂ ಎಲ್ಲ ಕಾಲದಲ್ಲೂ ನಡೆಯುವ ಸಂಗತಿ. ಬಿದ್ದ ಕಾಳು ಪೂರಾ ಸುಟ್ಟು ಬೂದಿಯಾದರೆ ಹೋಯಿತು. ಗಾಳಿ ಸಾಲದೆ ಅರೆಬರೆ ಸುಟ್ಟು ಇದ್ದಿಲಾದರೆ ಅದಕ್ಕೆ ಚಿರಾಯು. ಇದ್ದಿಲನ್ನು ಗೆದ್ದಲು ತಿನ್ನುವುದಿಲ್ಲ, ಅದು ಕೊಳೆಯುವುದಿಲ್ಲ, ಕಾಳಿನ ಆಕಾರ ಹಾಗೇ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿಗೆ ಸುರಿದರೆ ಮಣ್ಣು ತಳಕ್ಕೆ ಹೋಗುತ್ತದೆ, ಹಗುರಾದ ಇದ್ದಿಲು ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಯಾವ ಕಾಳು ಎಂದು ಗುರುತಿಸುತ್ತಾರೆ. ಡೋರಿಯನ್ ಫುಲ್ಲರ್ ಎಂಬ ಸಸ್ಯಪುರಾತತ್ತ್ವಜ್ಞರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರ ಜೊತೆ ಸೇರಿ ಈ ಸೀಮೆಯ ಅನೇಕ ನೆಲೆಗಳ ಮಣ್ಣನ್ನು ಹೀಗೆ ತೇಲಿಸಿದರು.

ಆಗ ಹೆಚ್ಚಾಗಿ ಸಿಕ್ಕ ಧಾನ್ಯ ಭತ್ತವೂ ಅಲ್ಲ, ರಾಗಿಯೂ ಅಲ್ಲ, ಜೋಳವೂ ಅಲ್ಲ. ಕೊರಲೆ! ತುಮಕೂರು, ಚಿತ್ರದುರ್ಗದ ಕಡೆಯ ಮಕ್ಕಳಿಗೆ ಇದು ಗೊತ್ತಿರುತ್ತದೆ. ಮಧುಗಿರಿ, ಸಿರಾ, ಪಾವಗಡಗಳ ಬೆದ್ದಲು ಹೊಲಗಳಲ್ಲಿ ಇಂದಿಗೂ ಬೆಳೆಯುತ್ತಾರೆ. ಈಗ ಸಿರಿಧಾನ್ಯ ಎಂದು ಪೇಟೆಯ ಅಂಗಡಿಯಲ್ಲಿ ಚೆಂದದ ಪೊಟ್ಟಣದಲ್ಲಿ ದುಬಾರಿಗೆ ಸಿಗುತ್ತದೆ. ಕೊರಲೆಯ ಜೊತೆಗೆ ನವಣೆಯ ಜಾತಿಗೆ ಸೇರಿದ ಒಂದು ಹುಲ್ಲಿನ ಕಾಳೂ ಸಿಕ್ಕಿತು. ಬೇಳೆಕಾಳಿನಲ್ಲಿ ಹುರುಳಿ ಮತ್ತು ಹೆಸರು. ಇವೆಲ್ಲ ಎರಡು ಮೂರು ತಿಂಗಳ ಮಳೆಯಲ್ಲಿ ಬೆಳೆದು ಮುಗಿಯುವಂಥವು, ಬಳ್ಳಾರಿಯ ಒಣಹವೆಗೆ ಹೇಳಿಸಿದಂಥವು. ಎಲ್ಲಿಂದಲೋ ಬಂದ ಬೀಜವನ್ನಷ್ಟೇ ನೆಚ್ಚಿಕೊಂಡು ಇವರು ರೈತರಾದದ್ದಲ್ಲ. ಸುತ್ತಮುತ್ತಲೇ ಬೆಳೆಯುತ್ತಿದ್ದ ಕಾಡು ಹುಲ್ಲು, ಬಳ್ಳಿಗಳನ್ನು ದಕ್ಷಿಣದವರು ತಾವೇ ಪಳಗಿಸಿಕೊಂಡರು.

ಹಾಗಾದರೆ ಅವತ್ತಿನ ಊಟ ಊಹಿಸಿಕೊಳ್ಳಿ. ಕಲ್ಲಿನ ಮೇಲೆ ಅರೆದ ಕೊರಲೆಯ ಅಂಬಲಿ ಅಥವಾ ಅನ್ನ, ಜೊತೆಗೆ ಹುರುಳಿ, ಹಾಲು, ಮಾಂಸ. ಒಗ್ಗರಣೆಗೆ ಮೆಣಸಿನಕಾಯಿ ಹಾಕಬೇಡಿ, ಅದು ಅಮೆರಿಕ ಖಂಡದ್ದು, ಪೋರ್ಚುಗೀಸರು ಬರುವವರೆಗೂ ನಮಗೆ ಗೊತ್ತೇ ಇರಲಿಲ್ಲ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಮುಸುಕಿನ ಜೋಳವೂ ಅಲ್ಲಿಯವೇ. ರಾಗಿ, ಸಜ್ಜೆ, ಅವರೆ ಇವೆಲ್ಲ ಆಫ್ರಿಕಾದಲ್ಲಿ ಹುಟ್ಟಿದ ಬೆಳೆಗಳು. ಗೋಧಿ, ಬಾರ್ಲಿ ವಾಯುವ್ಯದಿಂದ ಬಂದವು. ತೊಗರಿ ಒಡಿಶಾ, ಬಸ್ತರ್ ಕಡೆಯಿಂದ. ಇದೇ ಜನರ ಕೊನೆಯ ಕೆಲವು ನೂರು ವರ್ಷಗಳಲ್ಲಿ ಈ ಹೊಸ ಕಾಳುಗಳಲ್ಲಿ ಕೆಲವು ಅವರ ಒಲೆಯ ಬೂದಿಯಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಹಡಗು ಹತ್ತಿ ಬಂದವೋ, ಕೈಯಿಂದ ಕೈಗೆ ದಾಟಿ ಬಂದವೋ, ಅಂತೂ ಜಗತ್ತು ಆಗಲೂ ನಾವು ತಿಳಿದಷ್ಟು ದೂರದೂರ ಇರಲಿಲ್ಲ.

ಕೊಡಲಿಗಳ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬಳ್ಳಾರಿ ಊರಿಗೆ ಹತ್ತಿರದಲ್ಲೇ ಸಂಗನಕಲ್ಲು, ಕಪ್ಪಗಲ್ಲು ಎಂಬ ಹಳ್ಳಿಗಳಿವೆ. ಅಲ್ಲಿನ ಬೆಟ್ಟಗಳು ಗ್ರಾನೈಟ್ ಬಂಡೆಗಳ ರಾಶಿ. ಅವುಗಳಲ್ಲಿ ಒಂದು ಬೆಟ್ಟ ಹಿರೇಗುಡ್ಡ. ಅದರ ಗ್ರಾನೈಟಿನ ಬಿರುಕಿನೊಳಗೆ ಬಹಳ ಹಿಂದೆ ಭೂಮಿಯ ಒಳಗಿನಿಂದ ಶಿಲಾರಸ ನುಗ್ಗಿ ತಣ್ಣಗಾಗಿ ಉದ್ದನೆಯ ಕಪ್ಪು ಪಟ್ಟಿಯಾಗಿದೆ. ಈ ಕಪ್ಪು ಕಲ್ಲಿಗೆ ಡಾಲರೈಟ್ ಎನ್ನುತ್ತಾರೆ. ಗ್ರಾನೈಟ್ ದಪ್ಪ ಹರಳಿನದು, ಏಟು ಬಿದ್ದರೆ ಉದುರುತ್ತದೆ. ಡಾಲರೈಟ್ ಒತ್ತಾದ ಸಣ್ಣ ಹರಳಿನದು, ಏಟು ತಡೆಯುತ್ತದೆ. ಕೊಡಲಿಗೆ ಇದೇ ಬೇಕು.

ಮೊದಲು ದೊಡ್ಡ ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರಬೇಕು. ಆಮೇಲೆ ಇನ್ನೊಂದು ಕಲ್ಲಿನಿಂದ ಮೆಲ್ಲಗೆ ಕುಟ್ಟಿ ಕುಟ್ಟಿ ಉಬ್ಬುತಗ್ಗು ತೆಗೆಯಬೇಕು. ಕೊನೆಗೆ ಬಂಡೆಯ ಮೇಲೆ ನೀರು, ಮರಳು ಹಾಕಿ ಗಂಟೆಗಟ್ಟಲೆ ತಿಕ್ಕಬೇಕು. ಹೀಗೆ ತಿಕ್ಕಿ ತಿಕ್ಕಿ ಗ್ರಾನೈಟ್ ಬಂಡೆಗಳ ಮೇಲೆ ಬಿದ್ದ ಗುಳಿಗಳು ಈಗಲೂ ಕಾಣುತ್ತವೆ. ಹಿರೇಗುಡ್ಡದ ಮೇಲೆ ಕಾಲಿಟ್ಟಲ್ಲೆಲ್ಲ ಚಕ್ಕೆಗಳು. ಒಂದು ಮನೆಗೆ, ಒಂದು ಹಟ್ಟಿಗೆ ಇಷ್ಟು ಕೊಡಲಿ ಬೇಕಾಗುವುದಿಲ್ಲ. ಸುತ್ತಲಿನ ಬಯಲಿಗೆಲ್ಲ ಕೊಡಲಿ ಒದಗಿಸುತ್ತಿದ್ದ ದೊಡ್ಡ ಕಾರ್ಖಾನೆ ಅದು. ಸುಮಾರು 3300 ವರ್ಷಗಳ ಹಿಂದೆ ಅಲ್ಲಿ ಕೆಲಸ ಬಲು ಜೋರಾಗಿತ್ತು. ಕೊಡಲಿ ಮಾಡುವುದರಲ್ಲೇ ಪಳಗಿದ ಕೈಗಳು ಇದ್ದವೆಂದರೆ ಅವರ ಹೊಟ್ಟೆಗೆ ಬೇರೆ ಯಾರೋ ಬೆಳೆಯುತ್ತಿದ್ದರು ಎಂದಾಯಿತು. ಒಬ್ಬೊಬ್ಬರಿಗೆ ಒಂದೊಂದು ಕಸುಬು ಎನ್ನುವುದು ಹೀಗೆ ಬಂತು.

ಅದೇ ಕಪ್ಪು ಕಲ್ಲಿನ ಗುಂಡುಗಳಲ್ಲಿ ಕೆಲವನ್ನು ಇನ್ನೊಂದು ಕಲ್ಲಿನಿಂದ ಬಡಿದರೆ ಠಣ್ ಎಂದು ಜಾಗಟೆಯ ಹಾಗೆ ನುಡಿಯುತ್ತವೆ. ಬಿರುಕಿಲ್ಲದ ಒತ್ತಾದ ಕಲ್ಲು, ಅಡಿಯಲ್ಲಿ ಒಂದೆರಡು ಕಡೆ ಮಾತ್ರ ಊರಿಕೊಂಡು ನಿಂತಿದ್ದರೆ ಮೈಯೆಲ್ಲ ಕಂಪಿಸಲು ಅದಕ್ಕೆ ಬಿಡುವಿರುತ್ತದೆ, ಅದಕ್ಕೇ ಈ ನಾದ. ಮತ್ತೆ ಮತ್ತೆ ಬಡಿದು ಸವೆದ ಗುಳಿಗಳು ಅವುಗಳ ಮೇಲಿವೆ. ಪಕ್ಕದಲ್ಲೇ ದನದ ಚಿತ್ರಗಳು. ಚಿತ್ರ ಬಿಡಿಸಲು ಕುಟ್ಟುವಾಗ ನಾದ ಸಿಕ್ಕಿತೋ, ನಾದ ಕೇಳಿ ಅಲ್ಲೇ ಚಿತ್ರ ಬಿಡಿಸಿದರೋ, ನೀವೇ ಹೇಳಿ.

ಕ್ರಿಸ್ತಪೂರ್ವ 1200ರ ಆಚೀಚೆ ಈ ಬದುಕು ಬದಲಾಗುತ್ತದೆ. ಬೂದಿ ಗುಡ್ಡ ಬೆಳೆಸುವುದನ್ನು ಜನ ಅದಕ್ಕೂ ಎಷ್ಟೋ ಮೊದಲೇ ಬಿಟ್ಟಿದ್ದರು. ಬೆಟ್ಟದ ಮೇಲಿನ ಹಟ್ಟಿಗಳು ಖಾಲಿಯಾದವು. ಕಬ್ಬಿಣ ಬಂತು, ಕಲ್ಲುಕೊಡಲಿಗೆ ಕೆಲಸ ಹೋಯಿತು. ಸತ್ತವರಿಗಾಗಿ ದೊಡ್ಡ ದೊಡ್ಡ ಚಪ್ಪಡಿಗಳ ಕೋಣೆ ಕಟ್ಟುವುದು ಶುರುವಾಯಿತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಅಂಥವು ನೂರಾರು ನಿಂತಿವೆ. ಇನ್ನೂ ಸುಮಾರು ಸಾವಿರ ವರ್ಷ ಕಳೆದ ಮೇಲೆ ಅಶೋಕನ ಆಜ್ಞೆಯನ್ನು ಮಸ್ಕಿಯ ಬಂಡೆಯ ಮೇಲೂ ಬ್ರಹ್ಮಗಿರಿಯ ಬಂಡೆಯ ಮೇಲೂ ಕೆತ್ತಿದರು. ಎರಡೂ ಈ ಹಳೆಯ ದನಗಾಹಿಗಳು ಓಡಾಡಿದ ಜಾಗಗಳೇ. ಅಲ್ಲಿಂದ ಮುಂದಿನದು ನೀವು ಶಾಲೆಯಲ್ಲಿ ಓದುವ ಇತಿಹಾಸ, ಹೆಸರುಗಳೂ ಇಸವಿಗಳೂ ಇರುವಂಥದು.

ಹಿಂದಿನದು ಇರುವುದು ಮಣ್ಣಿನಲ್ಲಿ. ಕಲ್ಲು ಗಣಿಗಾರಿಕೆಯಿಂದ ಸಂಗನಕಲ್ಲು, ಕಪ್ಪಗಲ್ಲಿನ ಬೆಟ್ಟಗಳಿಗೂ, ಹೊಲಕ್ಕೆ, ರಸ್ತೆಗೆ ಎಂದು ತೋಡುವುದರಿಂದ ಬೂದಿ ಗುಡ್ಡಗಳಿಗೂ ಪೆಟ್ಟು ಬಿದ್ದಿದೆ. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಕೊಡಲಿ, ಮಡಕೆಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಬೆಟ್ಟಕ್ಕೆ ಹೋದರೆ ಚಕ್ಕೆಯನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಎಲ್ಲಿ ಬಿದ್ದಿತ್ತು ಎನ್ನುವುದು ತಪ್ಪಿದರೆ ಅದು ಬರಿಯ ಕಲ್ಲು.

ಮನೆಯಲ್ಲೇ ಮಾಡಿ ನೋಡಬಹುದಾದದ್ದು ಒಂದಿದೆ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ಒಂದು ಹಿಡಿ ಹುರುಳಿ, ಒಂದಿಷ್ಟು ರಾಗಿ ಅಥವಾ ಕೊರಲೆಯನ್ನು ಹಳೆಯ ಡಬ್ಬಿಯಲ್ಲಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಕೆಂಡದ ಮೇಲೆ ಕಾಳು ಕಪ್ಪಾಗುವವರೆಗೆ ಇಡಿ. ಆರಿದ ಮೇಲೆ ಎಲ್ಲವನ್ನೂ ಅರ್ಧ ಬಕೆಟ್ ಒಣಮಣ್ಣಿಗೆ ಬೆರೆಸಿ, ನೀರು ಸುರಿದು ಕದಡಿ. ಮೇಲೆ ತೇಲಿದ್ದನ್ನು ಚಹಾ ಸೋಸುವ ಜಾಲರಿಯಲ್ಲಿ ಹಿಡಿಯಿರಿ. ಹಾಕಿದ್ದು ಎಷ್ಟು, ಸಿಕ್ಕಿದ್ದು ಎಷ್ಟು, ಯಾವ ಕಾಳು ಆಕಾರ ಉಳಿಸಿಕೊಂಡಿತು, ಯಾವುದು ಒಡೆಯಿತು ಎಂದು ಎಣಿಸಿ ಬರೆದಿಡಿ. ಒಡೆದು ಹೋದ ಕಾಳನ್ನು ಸಾವಿರಾರು ವರ್ಷದ ನಂತರ ಅಗೆಯುವವರು ನಿಮ್ಮ ಮನೆಯ ಊಟದ ಪಟ್ಟಿಗೆ ಸೇರಿಸುತ್ತಿದ್ದರೇ, ಬಿಟ್ಟುಬಿಡುತ್ತಿದ್ದರೇ?